ಸೀಸದ ಅಕ್ಷರಗಳು

ಅಪ್ಪ ಬೆಂಗಳೂರಿನ ಚಾಮರಾಜಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಮನೆಗಳ ಮೇಲೆ. ನೋಡದೆಯೇ ‘ಕ’ ಎಲ್ಲಿದೆ, ಅದರ ಒತ್ತು ಎಲ್ಲಿದೆ ಎಂದು ಬೆರಳಿಗೆ ಗೊತ್ತಿರುತ್ತಿತ್ತು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿರುತ್ತದಲ್ಲ, ಅದನ್ನು ಅವರು ನಾವು ಪತ್ರಿಕೆ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಸಂಜೆ ಮನೆಗೆ ಬಂದಾಗ ಬೆರಳ ತುದಿ ಕಪ್ಪಗಿರುತ್ತಿತ್ತು. ಸೀಸ ಹೊಟ್ಟೆಗೆ ಹೋದೀತೆಂದು ಅವ್ವ ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿಸಿದ ಮೇಲೆಯೇ ತಟ್ಟೆ ಹಾಕುವುದು.

1974ರಲ್ಲಿ ನಾನು ಆರನೇ ಕ್ಲಾಸು. ಆ ವರ್ಷ ಬೇಸಿಗೆಯಲ್ಲಿ ಮುದ್ರಣಾಲಯಕ್ಕೆ ಒಬ್ಬ ಹಿರಿಯರು ಬಂದರು. ದಂಡು ಪ್ರದೇಶದ ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಲಗ್ನಪತ್ರಿಕೆಗೋ ಬಿಲ್ ಪುಸ್ತಕಕ್ಕೋ ಬಂದವರಲ್ಲ. ಅವರ ಪ್ರಶ್ನೆ ಬೇರೆ ಇತ್ತು: ‘ಕಲ್ಲಿನಲ್ಲಿ ಕೂರಿಸುವ ಸೀಸದ ಅಕ್ಷರ ನಿಮ್ಮಲ್ಲಿ ಸಿಗುತ್ತದೆಯೇ?’ ಇಂಗ್ಲಿಷಿನಲ್ಲಿ ಶುರು ಮಾಡಿದವರು ಅಪ್ಪನಿಗೆ ಅದು ಅಷ್ಟಾಗಿ ಬಾರದೆಂದು ತಿಳಿದು ಹಿಂದಿಗೆ ತಿರುಗಿದರು, ನಡುವೆ ಒಂದೆರಡು ಮರಾಠಿ ಮಾತು ಜಾರಿತು. ಅಪ್ಪ ಧಾರವಾಡದ ಕಡೆಯವರು. ಮರಾಠಿ ಕಿವಿಗೆ ಬಿದ್ದದ್ದೇ ಮುಖ ಅರಳಿತು. ಅಲ್ಲಿಂದ ಮುಂದೆ ಇಬ್ಬರದೂ ಅದೇ ಭಾಷೆ.

ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ಮನೆಮಾತು ಮರಾಠಿ ಎಂಬುದು ನನಗೆ ತಿಳಿದದ್ದು ಹಾಗೆ, ಒಂದು ಮುದ್ರಣಾಲಯದ ಸ್ಟೂಲಿನ ಮೇಲೆ ಕೂತು. ಆ ಹಿರಿಯರನ್ನು ನಾನು ‘ಕಾಕಾ’ ಎಂದೆ. ಅವರ ಮನೆಯಲ್ಲೂ ಚಿಕ್ಕಪ್ಪನಿಗೆ ಅದೇ ಶಬ್ದವಂತೆ. ನನ್ನನ್ನು ಅವರು ‘ಬಾಳ’ ಎಂದು ಕರೆದರು. ಹೆಸರು ಬರೆಯುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇದ್ದಾರೆ.

ಅಪ್ಪ ಅವರಿಗೆ ಹೇಳಿದ್ದು ಇಷ್ಟು: ‘ಸಾಹೇಬ್ರ, ನಮ್ಮ ಮೊಳೆ ಬರೇ ಸೀಸ ಅಲ್ಲ. ತವರ, ಆಂಟಿಮನಿ ಕೂಡಿಸಿರ್ತಾರ, ಅದಕ್ಕ ಗಟ್ಟಿ. ಕಲ್ಲಿಗೆ ಬೇಕಾದ್ದು ಮೆತ್ತನ್ನ ಸೀಸ, ಬಡಿದ್ರ ತೂತಿನ್ಯಾಗ ಕೂಡೂವಂಥಾದ್ದು. ಇದು ನಮ್ಮಿಂದ ಆಗೂದಲ್ಲ. ಆದ್ರ ಕಲ್ಲು ನೋಡ್ಬೇಕು.’

*

ಹೋದದ್ದು ಭಾನುವಾರ. ಎರಡನೇ ಶನಿವಾರ ರಜೆ ಇದೆ ಎಂದು ಅಪ್ಪ ಹೇಳಿದ್ದಕ್ಕೆ ಕಾಕಾ ಒಪ್ಪಲಿಲ್ಲ. ಶನಿವಾರ ಅವರಿಗೆ ಸಬ್ಬತ್, ಆ ದಿನ ಸ್ಮಶಾನಕ್ಕೆ ಕಾಲಿಡುವಂತಿಲ್ಲ.

ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಯಹೂದಿಗಳ ಸ್ಮಶಾನ ಒಂದು ಗೋಡೆ, ಒಂದು ಗೇಟು, ಅಷ್ಟೇ. ಈ ರಸ್ತೆಯ ಬದಿಯಲ್ಲಿ ಸತ್ತವರಿಗೆ ಬಿಟ್ಟ ಜಾಗಗಳು ಬೇರೆಯೂ ಇವೆ. ಗೋರಿಪಾಳ್ಯ ಎಂಬ ಹೆಸರೇ ಹೇಳುತ್ತದೆ. ಯಹೂದಿಗಳ ಪಾಲು ಅದರಲ್ಲಿ ಬಲು ಸಣ್ಣದು. ಒಳಗೆ ಐವತ್ತಕ್ಕೆ ಸ್ವಲ್ಪ ಮೇಲ್ಪಟ್ಟು ಗೋರಿಗಳು. ಇಡೀ ಊರಿನ ಒಂದು ಸಮುದಾಯದ ಸಾವಿನ ಲೆಕ್ಕ ಒಂದು ಶಾಲೆಯ ತರಗತಿಯಷ್ಟು.

ಕಾಕಾ ಮೊದಲು ಕರೆದುಕೊಂಡು ಹೋದದ್ದು ಅಲ್ಲಿನ ಅತಿ ಹಳೆಯ ಗೋರಿಯ ಹತ್ತಿರ. ಸುಬೇದಾರ್ ಸ್ಯಾಮುಯೆಲ್ ನಾಗಾವ್ಕರ್, 1904. ಆ ವರ್ಷವೇ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಈ ಜಾಗವನ್ನು ಯಹೂದಿಗಳಿಗೆ ಕೊಟ್ಟದ್ದು. ಮಹಾರಾಜರಿಗೆ ಆಗ ಇಪ್ಪತ್ತು ವರ್ಷ. ಪೂರ್ಣಾಧಿಕಾರ ಕೈಗೆ ಬಂದು ಎರಡು ವರ್ಷವಾಗಿತ್ತು. ಬೆಂಗಳೂರು ಆಗ ಎರಡು ಊರು. ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷರದ್ದು. ಬೆರಳೆಣಿಕೆಯ ಯಹೂದಿ ಕುಟುಂಬಗಳು ಹೆಚ್ಚಾಗಿ ಇದ್ದದ್ದು ದಂಡಿನಲ್ಲಿ. ಬದುಕಿದ್ದಾಗ ಬ್ರಿಟಿಷರ ಊರಿನಲ್ಲಿದ್ದವರು ತೀರಿಕೊಂಡ ಮೇಲೆ ಊರಿನ ಇನ್ನೊಂದು ತುದಿಗೆ, ಮಹಾರಾಜರು ಕೊಟ್ಟ ಮಣ್ಣಿಗೆ ಬರಬೇಕಿತ್ತು.

‘ನಾಗಾವ್ಕರ್ ಅಂದ್ರ ನಾಗಾವದವರು’ ಎಂದು ಅಪ್ಪ ತಮಗೆ ತಾವೇ ಅಂದುಕೊಂಡರು. ನಿಜ. ಬೆನೆ ಇಸ್ರೇಲರು ಕೊಂಕಣದ ತಮ್ಮ ತಮ್ಮ ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿಕೊಂಡೇ ಮನೆತನದ ಹೆಸರು ಮಾಡಿಕೊಂಡವರು: ಪೆಣದವರು ಪೆಣಕರ್, ರೋಹೆಯವರು ರೋಹೆಕರ್. ಯಾವುದೋ ಕಾಲದಲ್ಲಿ ಅಲಿಬಾಗಿನ ಹತ್ತಿರ ನವಗಾಂವ್ ಎಂಬಲ್ಲಿ ಹಡಗು ಒಡೆದು, ಈಜಿ ದಡ ಸೇರಿದ ಕೆಲವೇ ಜನರಿಂದ ತಮ್ಮ ಕುಲ ಬೆಳೆಯಿತು ಎಂದು ಅವರು ಹೇಳಿಕೊಳ್ಳುತ್ತಾರೆ. ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುವುದು ಕಸುಬು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು, ಅದಕ್ಕೇ ಊರವರ ಬಾಯಲ್ಲಿ ಅವರು ‘ಶನವಾರ್ ತೇಲಿ’. ಇಂಗ್ಲಿಷರ ಕಾಲ ಬಂದಾಗ ಬಹಳ ಮಂದಿ ಪಲ್ಟಣಿಗೆ ಸೇರಿದರು, ಸುಬೇದಾರರಾದರು. ಗಾಣದಿಂದ ಪಲ್ಟಣಿಗೆ, ಪಲ್ಟಣಿಯಿಂದ ಬೆಂಗಳೂರಿನ ಮಣ್ಣಿಗೆ. ಆ ಕಲ್ಲಿನ ಮೇಲಿನ ‘ನಾಗಾವ್ಕರ್’ ಎಂಬ ಒಂದು ಶಬ್ದದಲ್ಲಿ ಇಷ್ಟು ದಾರಿ ಇದೆ.

ಅಪ್ಪ ಬರುವಾಗ ಮಾರುಕಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡಿದ್ದರು. ನಾವು ಲಿಂಗಾಯತರು, ನಮ್ಮಲ್ಲೂ ಹೂಳುವುದೇ ಪದ್ಧತಿ. ಗದ್ದುಗೆಗೆ ಬರಿಗೈಲಿ ಹೋಗುವುದುಂಟೇ ಎಂದು ಅವರ ಎಣಿಕೆ. ಕಾಕಾ ಹೂವನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಗ್ಗಿ ನೆಲದಿಂದ ಒಂದು ಸಣ್ಣ ಕಲ್ಲು ಆಯ್ದು, ಮಣ್ಣು ಒರೆಸಿ, ಅಪ್ಪನ ಕೈಗಿಟ್ಟರು. ‘ನಮ್ಮಲ್ಲಿ ಇದು.’ ಹೂವು ಬಾಡುತ್ತದೆ, ಕಲ್ಲು ಇರುತ್ತದೆ. ಯಾರೋ ಬಂದು ಹೋದರು ಎಂದು ಮುಂದೆ ಬರುವವರಿಗೆ ಗೊತ್ತಾಗುತ್ತದೆ ಎಂದರು. ಅಪ್ಪ ಮಲ್ಲಿಗೆಯನ್ನು ಮನೆಗೂ ತರಲಿಲ್ಲ, ಬಿಸಾಡಲೂ ಇಲ್ಲ. ಗೇಟಿನ ಪಕ್ಕದ ಮರದ ಬುಡಕ್ಕೆ ಸುತ್ತಿಟ್ಟರು.

*

ಕಾಕಾ ಅವರ ತಾಯಿಯ ಗೋರಿ ಒಳಗೆ, ಗೋಡೆಯ ಕಡೆಗೆ ಇತ್ತು. ಬಿಳಿ ಅಮೃತಶಿಲೆ. ಅದರ ಮೇಲೆ ಅಕ್ಷರಗಳೇ ಇರಲಿಲ್ಲ ಎಂದರೆ ತಪ್ಪಾದೀತು. ಅಲ್ಲೊಂದು ಇಲ್ಲೊಂದು ಕಪ್ಪು ಅಕ್ಷರ ಉಳಿದಿತ್ತು, ಮುದುಕರ ಬಾಯಲ್ಲಿ ಉಳಿದ ಹಲ್ಲಿನ ಹಾಗೆ. ಉಳಿದ ಕಡೆ ಬರೀ ಸಣ್ಣ ಸಣ್ಣ ತೂತುಗಳು.

ಸೀಸದ ಬರವಣಿಗೆ ಮಾಡುವ ಬಗೆ ಹೀಗೆ. ಮೊದಲು ಕಲ್ಲಿನಲ್ಲಿ ಅಕ್ಷರದ ಆಕಾರಕ್ಕೆ ಆಳವಿಲ್ಲದ ಕಾಲುವೆ ಕೊರೆಯುತ್ತಾರೆ. ಕಾಲುವೆಯ ತಳದಲ್ಲಿ ಸಣ್ಣ ತೂತುಗಳನ್ನು ಸ್ವಲ್ಪ ಓರೆಯಾಗಿ ಹೊಡೆಯುತ್ತಾರೆ. ಮೇಲೆ ಮೆತ್ತನೆಯ ಸೀಸವಿಟ್ಟು ಬಡಿದರೆ ಅದು ತೂತಿನೊಳಗೆ ಇಳಿದು ಬೇರು ಹಿಡಿಯುತ್ತದೆ. ಮೇಲ್ಭಾಗ ಉಜ್ಜಿ ಸಮ ಮಾಡಿದರೆ ಬಿಳಿ ಕಲ್ಲಿನ ಮೇಲೆ ಕರಿ ಅಕ್ಷರ, ನೂರು ವರ್ಷಕ್ಕೂ ಮಾಸದು. ಆದರೆ ಸೀಸಕ್ಕೆ ಗುಜರಿಯಲ್ಲಿ ಬೆಲೆ ಇದೆ. ಒಂದು ಕಬ್ಬಿಣದ ಮೊಳೆ ತಂದು ಕೆದಕಿದರೆ ಅಕ್ಷರ ಎದ್ದು ಬರುತ್ತದೆ. ಒಬ್ಬ ತಾಯಿಯ ಹೆಸರನ್ನು ಯಾರೋ ತೂಕಕ್ಕೆ ಹಾಕಿದ್ದರು.

ಅಪ್ಪ ಮಂಡಿಯೂರಿ ಕುಳಿತರು. ಅಂಗಿಯ ಜೇಬಿನಿಂದ ಮುದ್ರಣಾಲಯದ ಭೂತಕನ್ನಡಿ ತೆಗೆದರು. ನನಗೆ ಮನೆಯಿಂದ ತಂದಿದ್ದ ಕನ್ನಡಿ ಕೊಟ್ಟು, ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬಿಡು ಎಂದರು. ನೇರ ಬೆಳಕಿನಲ್ಲಿ ಏನೂ ಕಾಣದ ಕಲ್ಲಿನಲ್ಲಿ, ಓರೆ ಬೆಳಕು ಬಿದ್ದದ್ದೇ ತಗ್ಗುಗಳೆಲ್ಲ ನೆರಳು ಹಿಡಿದು ಎದ್ದು ನಿಂತವು. ಇಂಗ್ಲಿಷ್ ಸಾಲು ಹತ್ತು ನಿಮಿಷದಲ್ಲಿ ಸಿಕ್ಕಿತು. ಎರಡು ತೂತು ಮೇಲೆ, ಎರಡು ಕೆಳಗೆ ಇದ್ದರೆ ಇದು ‘ಎಚ್’, ಮೂರು ಸಾಲಾಗಿದ್ದರೆ ‘ಐ’ ಎಂದು ಹೇಳುತ್ತ ಕಾಗದದ ಮೇಲೆ ಬರೆದರು. ಅಚ್ಚಿನ ಮನೆಯಲ್ಲಿ ಮುರಿದ ಮೊಳೆಯ ತುಂಡು ನೋಡಿ ಯಾವ ಅಕ್ಷರವೆಂದು ಹೇಳುವ ಕಣ್ಣು ಅದು.

ಹೀಬ್ರೂ ಸಾಲು ಬಂದಾಗ ಕೆಲಸ ಇಬ್ಬರದಾಯಿತು. ಅಪ್ಪನಿಗೆ ಆ ಲಿಪಿ ಗೊತ್ತಿಲ್ಲ. ಕಾಕಾಗೆ ಪ್ರಾರ್ಥನೆ ಪುಸ್ತಕ ಓದಿ ಗೊತ್ತು, ಆದರೆ ಕಣ್ಣು ಮಂಜು. ಅಪ್ಪ ತೂತುಗಳನ್ನು ಕಂಡಂತೆ ಬರೆದು ತೋರಿಸುವುದು, ಕಾಕಾ ‘ಇದು ರೇಶ್’, ‘ಇಲ್ಲ, ಮೂಲೆ ಚೂಪಾಗಿದ್ದರೆ ದಾಲೆತ್’ ಎನ್ನುವುದು. ಬಲದಿಂದ ಎಡಕ್ಕೆ ಹೋಗುವ ಬರವಣಿಗೆ ಅಪ್ಪನನ್ನು ಒಂದು ಕ್ಷಣವೂ ತಡೆಯಲಿಲ್ಲ. ‘ನಂದು ದಿನಾ ಇದ ಕೆಲಸ’ ಎಂದರು.

ಕಲ್ಲಿನ ತಲೆಯಲ್ಲಿ ಎರಡೇ ಅಕ್ಷರ, ಪೇ ಮತ್ತು ನೂನ್. ‘ಇಲ್ಲಿ ಮಣ್ಣಾಗಿದ್ದಾರೆ’ ಎಂಬುದರ ಸಂಕ್ಷೇಪ. ಕೊನೆಯಲ್ಲಿ ಐದು: ತಾವ್, ನೂನ್, ತ್ಸಾದಿ, ಬೇತ್, ಹೇ. ತೀರಿಕೊಂಡವರ ಜೀವ ಬದುಕಿನ ಗಂಟಿನೊಳಗೇ ಕಟ್ಟಿಕೊಂಡಿರಲಿ ಎಂಬ ಹಾರೈಕೆ. ಸ್ಮಶಾನಕ್ಕೆ ಅವರಲ್ಲಿ ‘ಬೇತ್ ಹಯೀಮ್’ ಎಂಬ ಹೆಸರೂ ಇದೆ, ಬದುಕಿನ ಮನೆ ಎಂದು ಅರ್ಥ. ನಾವು ದೀಪ ಆರಿತು ಎನ್ನದೆ ದೀಪ ದೊಡ್ಡದಾಯಿತು ಎನ್ನುತ್ತೇವಲ್ಲ, ಹಾಗೆ.

ವರ್ಷದ ಲೆಕ್ಕ ನನಗೆ ತುಂಬ ಹಿಡಿಸಿತು. ಹೀಬ್ರೂವಿನಲ್ಲಿ ಅಕ್ಷರವೇ ಅಂಕಿ. 1904ರ ಹೆಚ್ಚಿನ ಭಾಗ ಅವರ ಪಂಚಾಂಗದಲ್ಲಿ 5664. ಸಾವಿರವನ್ನು ಬಿಟ್ಟು ಬರೆಯುವುದು ವಾಡಿಕೆ. ತಾವ್ ನಾನೂರು, ರೇಶ್ ಇನ್ನೂರು, ಸಾಮೆಖ್ ಅರವತ್ತು, ದಾಲೆತ್ ನಾಲ್ಕು, ಒಟ್ಟು 664. ನಾನು ಆಗ ಸಂಗೀತದ ಪಾಠಕ್ಕೆ ಹೋಗುತ್ತಿದ್ದೆ. ಧೀರಶಂಕರಾಭರಣ ಇಪ್ಪತ್ತೊಂಬತ್ತನೆಯ ಮೇಳ, ಏಕೆಂದರೆ ಕಟಪಯಾದಿ ಲೆಕ್ಕದಲ್ಲಿ ‘ಧ’ ಒಂಬತ್ತು, ‘ರ’ ಎರಡು, ಅದನ್ನು ತಿರುಗಿಸಿ ಓದಬೇಕು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಅದನ್ನು ಕಾಕಾಗೆ ಹೇಳಿದೆ. ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ಎರಡು ಸಲ ಹೇಳಿಸಿಕೊಂಡರು.

ಮುಂದಿನ ತಿಂಗಳು ಒಬ್ಬ ಕಲ್ಲುಕುಟಿಗರು ಸಿಕ್ಕಿದರು. ಸೀಸ ತಂದದ್ದು ಗುಜರಿ ಅಂಗಡಿಯಿಂದಲೇ. ‘ಕಳಕೊಂಡಿದ್ದು ಇಲ್ಲೇ ಸಿಕ್ಕರೂ ಸಿಕ್ಕೀತು’ ಎಂದರು ಅಪ್ಪ. ಮೂರು ಭಾನುವಾರದಲ್ಲಿ ಕಾಕಾ ಅವರ ತಾಯಿಯ ಹೆಸರು ಮತ್ತೆ ಕಲ್ಲಿನ ಮೇಲೆ ಬಂತು.

ಕೆಲಸ ಮುಗಿದ ದಿನ ಕಾಕಾ ಕದ್ದೀಶ್ ಎಂಬ ಪ್ರಾರ್ಥನೆಯ ಮಾತೆತ್ತಿದರು. ತೀರಿಕೊಂಡವರಿಗಾಗಿ ಅದನ್ನು ಹೇಳಲು ಹತ್ತು ಮಂದಿ ಯಹೂದಿ ಗಂಡಸರು ಸೇರಿರಬೇಕು. ಬೆಂಗಳೂರಿನಲ್ಲಿ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಇರಲೇ ಇಲ್ಲ. ಹಿಂದೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಈಗ ಹತ್ತು ಮಂದಿಯನ್ನು ಒಂದೇ ದಿನ ಒಂದೆಡೆ ತರುವುದೇ ಕಷ್ಟ ಎಂದರು. ಅಪ್ಪ ಕೇಳಿದರು: ‘ನಾ ನಿಂತ್ರ ಲೆಕ್ಕಕ್ಕ ಬರ್ತೇನೇನ್ರಿ?’

‘ಲೆಕ್ಕಕ್ಕೆ ಬರುವುದಿಲ್ಲ ಮಾಸ್ತರ. ಆದರೂ ನಿಲ್ಲಿ’ ಎಂದರು ಕಾಕಾ. ಅಪ್ಪ ಟೋಪಿ ಸರಿಮಾಡಿಕೊಂಡು ನಿಂತರು. ಹೊರಗೆ ಬಂದು ಇಬ್ಬರೂ ಒಂದೇ ತಂಬಿಗೆಯ ನೀರಿನಲ್ಲಿ ಕೈ ತೊಳೆದರು. ಸ್ಮಶಾನದಿಂದ ಹೊರಬಂದವರು ಕೈ ತೊಳೆಯಬೇಕೆಂಬ ನಿಯಮ ಅವರಲ್ಲೂ ಇದೆ.

*

ಆಮೇಲಿನ ನಾಲ್ಕು ವರ್ಷ ಕಾಕಾ ನಮ್ಮ ಮನೆಗೆ ಬರುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ ಎಂದರೆ ಅವರಿಗೆ ಪ್ರಾಣ. ಮನೆಯಲ್ಲಿ ಮಾಂಸ ಬೇಯುವುದಿಲ್ಲವಾದ್ದರಿಂದ ಪಾತ್ರೆಯ ಮಡಿಯ ಚಿಂತೆಯಿಲ್ಲದೆ ಉಣ್ಣಬಹುದು ಎಂದು ಅವ್ವನಿಗೆ ಹೇಳುತ್ತಿದ್ದರು.

ಅವರು ಹೇಳಿದ ಕಥೆಗಳಲ್ಲಿ ಶ್ರೀರಂಗಪಟ್ಟಣದ ಕಥೆಯನ್ನು ನಾನು ಮರೆತಿಲ್ಲ. ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್ ಎಂಬವರು ಇಂಗ್ಲಿಷರ ಸೈನ್ಯದಲ್ಲಿ ಅಧಿಕಾರಿ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕರು. ನೀವು ಯಾವ ಜನ ಎಂದು ಕೇಳಿದಾಗ ‘ಬನಿ ಇಸ್ರಾಯೀಲ್’ ಎಂದರಂತೆ. ಆ ಹೆಸರು ಕುರ್‌ಆನಿನಲ್ಲಿ ಇದೆ, ಅಂಥವರನ್ನು ಕಣ್ಣಾರೆ ಕಂಡದ್ದು ಇದೇ ಮೊದಲು, ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಹೇಳಿದರಂತೆ. ತಾಯಿ ಹೇಳಿದ ಮಾತಿನ ಈ ಭಾಗ ಬಾಯಿಂದ ಬಾಯಿಗೆ ಬಂದದ್ದು. ಆದರೆ ಬಿಡುಗಡೆಯಾದ ದಿವೇಕರ್ ಹರಕೆ ತೀರಿಸಿದ ಸಿನಗಾಗ್ ಇಂದಿಗೂ ಇದೆ: 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ‘ಶಾರ್ ಹರಹಮೀಮ್’, ದಯೆಯ ಬಾಗಿಲು. ಊರವರು ಅದನ್ನು ಕರೆದದ್ದು ‘ಜುನಿ ಮಸೀದಿ’ ಎಂದು. ಮುಂಬಯಿಯ ಮಸ್ಜಿದ್ ಬಂದರ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಈ ಸಿನಗಾಗಿನಿಂದ ಎನ್ನುತ್ತಾರೆ. ತಾಯಿ ಆ ಮಾತು ಆಡಿದ್ದಳೋ ಇಲ್ಲವೋ ಎಂದು ವಾದ ಮಾಡುವವರು ಮಾಡಲಿ. ತಮ್ಮನ್ನು ಬದುಕಿಸಿದ್ದು ಶ್ರೀರಂಗಪಟ್ಟಣದ ಒಬ್ಬ ತಾಯಿ ಎಂದು ಒಂದು ಸಮುದಾಯ ಇನ್ನೂರು ವರ್ಷ ನೆನೆಯುತ್ತ ಬಂದಿರುವುದು ನನಗೆ ಸಾಕು.

ಆ ಸ್ಮಶಾನದಲ್ಲಿ ಇರುವವರು ಕೊಂಕಣದವರಷ್ಟೇ ಅಲ್ಲ. ಬಾಗ್ದಾದಿನ ಮೂಲದವರಿದ್ದಾರೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬಿನ್ ಮೋಸಸ್ ಅವರ ಪಾದರಕ್ಷೆಯ ಅಂಗಡಿಯನ್ನು ನೆನೆಯುವ ಹಳಬರು ದಂಡಿನಲ್ಲಿ ಬಹಳ ಮಂದಿ ಇದ್ದರು. ಪ್ರಾರ್ಥನೆಗೆ ಹೆಚ್ಚಾಗಿ ಸೇರುತ್ತಿದ್ದದ್ದು ಅವರ ಮನೆಯಲ್ಲೇ ಎಂದು ಕಾಕಾ ಹೇಳುತ್ತಿದ್ದರು. ಹಿಟ್ಲರನ ಕಾಲದಲ್ಲಿ ಯುರೋಪಿನಿಂದ ತಪ್ಪಿಸಿಕೊಂಡು ಬಂದವರೂ ಇಲ್ಲಿ ಮಣ್ಣಾಗಿದ್ದಾರೆ. ಆ ಕಾಲದಲ್ಲಿ ಬೆಂಗಳೂರಿಗೆ ಬಂದ ಯಹೂದಿಗಳಲ್ಲಿ ದೊಡ್ಡ ಹೆಸರಿನವರು ಮುಂದೆ ಹೊರಟುಹೋದರು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಕೆಲಸ ಕಳೆದುಕೊಂಡಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ನರ ಕರೆಯ ಮೇರೆಗೆ 1935ರಲ್ಲಿ ಇಲ್ಲಿನ ವಿಜ್ಞಾನ ಸಂಸ್ಥೆಗೆ ಬಂದರು. ಬಾರ್ನ್ ಅವರನ್ನು ಇಲ್ಲೇ ಉಳಿಸಿಕೊಳ್ಳಲು ರಾಮನ್ ಬಯಸಿದರೂ ಆಗಲಿಲ್ಲ, ಅವರು ಎಡಿನ್‌ಬರೋಗೆ ಹೋದರು. ಬಾರ್ನ್ ಅವರ ಸೋದರಳಿಯ ಆಟೊ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು, ವಿಜ್ಞಾನ ಸಂಸ್ಥೆಯ ಕಟ್ಟಡಗಳಿಗೆ ನಕ್ಷೆ ಬರೆದರು, ಕೊನೆಗೆ ಲಂಡನ್ನಿಗೆ ಹೋದರು. ಅವರ ಹೆಸರು ಪುಸ್ತಕಗಳಲ್ಲಿದೆ. ಹೋಗಲು ಬೇರೆ ಊರಿಲ್ಲದವರು, ಪುಸ್ತಕಕ್ಕೆ ಹತ್ತದವರು ಮೈಸೂರು ರಸ್ತೆಯಲ್ಲಿದ್ದಾರೆ. ಅವರಿಗೆ ಕಲ್ಲೇ ಪುಸ್ತಕ.

1978ರಲ್ಲಿ ಕಾಕಾ ಮಗನ ಬಳಿಗೆ ಇಸ್ರೇಲಿಗೆ ಹೊರಟರು. ಮಗ ಅಶ್ದೋದಿನಲ್ಲಿದ್ದ. 1948ರ ನಂತರ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಹಾಗೆ ಹೋದವರೇ. ಹೊರಡುವ ಮುಂಚೆ ಮನೆಗೆ ಬಂದು ಅಪ್ಪನ ಕೈ ಹಿಡಿದು ಹೇಳಿದ್ದು ಒಂದೇ ಮಾತು: ‘ವರ್ಷಕ್ಕೊಂದು ಕಲ್ಲು, ಮಾಸ್ತರ.’

*

ಅಪ್ಪ ವರ್ಷ ತಪ್ಪಿಸಲಿಲ್ಲ. ಮೊಳೆ ಜೋಡಿಸುವ ಕಸುಬು ಹೋಗಿ ಆಫ್‌ಸೆಟ್ ಬಂತು, ಅವರ ಕೆಲಸವೂ ಹೋಯಿತು. ಆಗಲೂ ಪ್ರತಿವರ್ಷ ಒಂದು ಭಾನುವಾರ ಹೋಗಿ ಕಲ್ಲಿಟ್ಟು ಬರುತ್ತಿದ್ದರು. 1996ರಲ್ಲಿ ಅವರು ಲಿಂಗೈಕ್ಯರಾದರು. ಆಮೇಲೆ ನಾನು ಹೋಗಬೇಕಿತ್ತು. ಹೋಗಲಿಲ್ಲ. ಮದುವೆ, ಮಕ್ಕಳು, ವರ್ಗಾವಣೆ ಎಂದೆಲ್ಲ ಹೇಳಬಹುದು. ಮೈಸೂರು ರಸ್ತೆಯಲ್ಲಿ ನೂರಾರು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಸಿರ್ಸಿ ವೃತ್ತದ ಮೇಲೆ ಮೇಲ್ಸೇತುವೆ ಬಂದದ್ದನ್ನೂ ನೋಡಿದ್ದೇನೆ, ಒಂದು ಸಲವೂ ಇಳಿಯಲಿಲ್ಲ. ಹದಿನಾಲ್ಕು ವರ್ಷ.

2010ರಲ್ಲಿ ಹೋದಾಗ ಗೋಡೆ ನಿಂತಿತ್ತು, ಕಾವಲಿನವರ ಮನೆಯವರು ಗೇಟು ತೆಗೆದರು, ಕಸ ಗುಡಿಸಿತ್ತು. ಇದನ್ನು ನಾನು ಒತ್ತಿ ಹೇಳಬೇಕು. ಹೊಣೆ ಹೊತ್ತ ನಾಲ್ಕಾರು ಕುಟುಂಬಗಳು, ಕಾವಲಿನವರು, ತಮ್ಮ ಕೈಲಾದಷ್ಟು ನೋಡಿಕೊಂಡೇ ಬಂದಿದ್ದಾರೆ. ಆ ಜಾಗ ಉಳಿದಿದ್ದರೆ ಅದು ಅವರಿಂದ. ಆದರೆ ಕಲ್ಲಿಗೆ ಆಗುವ ವಯಸ್ಸನ್ನು ಗುಡಿಸಿ ತಡೆಯಲಾಗುವುದಿಲ್ಲ. ಕಾಕಾ ಅವರ ತಾಯಿಯ ಗೋರಿಯ ಬಿರುಕಿನಲ್ಲಿ ಒಂದು ಅರಳಿ ಸಸಿ ಬೆರಳುದ್ದ ಬೆಳೆದಿತ್ತು.

ನಾನು ಅವಸರ ಮಾಡಿದೆ. ಸಸಿ ಕಿತ್ತೆ, ಒಬ್ಬ ಗಾರೆಯವರನ್ನು ಕರೆಸಿ ಬಿರುಕಿಗೆ ಸಿಮೆಂಟು ತುಂಬಿಸಿದೆ. ಚೆನ್ನಾಗಿ ಕಂಡಿತು. ಎರಡು ಮಳೆಗಾಲ ಕಳೆದ ಮೇಲೆ ನೋಡಿದರೆ ಸಿಮೆಂಟಿನ ಅಂಚಿನಲ್ಲಿ ಅಮೃತಶಿಲೆ ಪುಡಿಪುಡಿಯಾಗಿ ಉದುರುತ್ತಿದೆ. ಹಳೆ ಕಟ್ಟಡಗಳ ಕೆಲಸ ಬಲ್ಲ ಒಬ್ಬರು ಬಂದು ನೋಡಿ ತಿಳಿಸಿಕೊಟ್ಟರು. ಸಿಮೆಂಟು ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಬಿಡುವುದಿಲ್ಲ. ಒಳಗೆ ಸಿಕ್ಕಿದ ನೀರು ಉಪ್ಪನ್ನು ಹೊತ್ತು ಕಲ್ಲಿನ ಮೂಲಕವೇ ಹೊರಬರಬೇಕು, ಬರುವಾಗ ಕಲ್ಲನ್ನು ಒಡೆಯುತ್ತದೆ. ಬಳಸಬೇಕಾದದ್ದು ಸುಣ್ಣದ ಗಾರೆ. ಅದು ಕಲ್ಲಿಗಿಂತ ಮೆತ್ತಗೆ, ಸವೆಯುವುದಿದ್ದರೆ ತಾನು ಸವೆಯುತ್ತದೆ. ಆಸಿಡ್ ಹಾಕಬಾರದು, ತಂತಿ ಬ್ರಷ್ಷಿನಿಂದ ತಿಕ್ಕಬಾರದು. ಬರೀ ನೀರು, ಮೆತ್ತನೆಯ ಬ್ರಷ್ಷು, ತಾಳ್ಮೆ. ಅರಳಿ ಸಸಿಯನ್ನು ಕಿತ್ತರೆ ಸಾಲದು, ಬೇರು ಸಾಯಬೇಕು. ಜೋರಾಗಿ ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಸಿಮೆಂಟನ್ನು ಬಿಡಿಸುವಾಗ ಒಂದು ಅಕ್ಷರ ಹೋಯಿತು. ಅಪ್ಪ ಉಳಿಸಿದ್ದ ಅಕ್ಷರ. ನನ್ನ ಕೈಯಿಂದ ಹೋದದ್ದು.

ಆ ದಿನದಿಂದ ನಾನು ರಿಪೇರಿಗೆ ಕೈ ಹಾಕಿಲ್ಲ. ಬಲ್ಲವರಿಗೆ ಬಿಟ್ಟಿದ್ದೇನೆ. ನನ್ನ ಪಾಲಿಗೆ ಬೇರೆ ಕೆಲಸ ಇಟ್ಟುಕೊಂಡೆ: ಬರೆದುಕೊಳ್ಳುವುದು. ಒಂದು ದಪ್ಪ ನೋಟ್‌ಬುಕ್, ಅಪ್ಪನ ಭೂತಕನ್ನಡಿ, ಒಂದು ಕೈಗನ್ನಡಿ. ಬೆಳಗ್ಗೆ ಎಂಟು ಗಂಟೆಗೆ ಮುಂಚೆ, ಬಿಸಿಲು ಓರೆಯಾಗಿರುವಾಗ, ಒಂದೊಂದು ಕಲ್ಲು. ಹೆಸರು, ಎರಡು ಪಂಚಾಂಗದ ತಾರೀಖು, ಯಾವ ಕಲ್ಲು, ಎಷ್ಟು ಉದ್ದ, ಎಲ್ಲಿ ಒಡೆದಿದೆ, ಯಾವ ಅಕ್ಷರ ಅನುಮಾನ. ಅನುಮಾನವಿದ್ದ ಕಡೆ ಪ್ರಶ್ನೆ ಚಿಹ್ನೆ, ಊಹಿಸಿ ತುಂಬುವುದಿಲ್ಲ. ಹೀಬ್ರೂ ಲಿಪಿಯನ್ನು ಐವತ್ತರ ಹರೆಯದಲ್ಲಿ ಕಲಿತೆ. ಮೊದಲು ಕಲಿತದ್ದು ಕೊನೆಯ ಆ ಐದು ಅಕ್ಷರ, ಅಪ್ಪ ಅವನ್ನಷ್ಟೇ ಬರೆದಿಟ್ಟಿದ್ದ ಒಂದು ಹಾಳೆಯಿಂದ. ಅದು ಅವ್ವನ ಟ್ರಂಕಿನಲ್ಲಿ ಸಿಕ್ಕಿತ್ತು.

ಒಂದು ಕಚೇರಿಯಲ್ಲಿ ಯಾವುದೋ ನಕಲು ಕೇಳಲು ಹೋದಾಗ ಅಲ್ಲಿದ್ದವರು ‘ಅದು ಖಾಲಿ ಜಾಗ ಅಲ್ವಾ ಮೇಡಂ? ವಾರಸುದಾರರೇ ಇಲ್ಲ’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಇಡೀ ಊರಿನ ಕಣ್ಣು ಅದೇ. ಮೈಸೂರು ರಸ್ತೆಯ ಪಕ್ಕದ ನೆಲಕ್ಕೆ ಇವತ್ತು ಇರುವ ಬೆಲೆ ಎಲ್ಲರಿಗೂ ಗೊತ್ತು. ಹೆಸರು ಅಳಿಸಿದ ಕಲ್ಲು ನಾಳೆ ಬರೀ ಕಲ್ಲು, ಕಲ್ಲು ಎತ್ತಿದ ನೆಲ ನಾಡಿದ್ದು ಬರೀ ಸೈಟು.

ಇದು ಬರಿಯ ಭಯ ಅಲ್ಲ. ಕೇರಳದ ಮಾಳ ಎಂಬ ಊರಿಗೆ ಹೋಗಿ ಬಂದಿದ್ದೇನೆ. ಅಲ್ಲಿನ ಯಹೂದಿಗಳು 1955ರಲ್ಲಿ ಇಸ್ರೇಲಿಗೆ ಹೊರಡುವಾಗ ಸಿನಗಾಗನ್ನೂ ಸ್ಮಶಾನವನ್ನೂ ಊರಿಗೆ ನಂಬಿ ಒಪ್ಪಿಸಿ ಹೋದರು. ಸುಮಾರು ನಾಲ್ಕು ಎಕರೆಯ ಆ ಸ್ಮಶಾನದಲ್ಲಿ ಇವತ್ತು ಉಳಿದಿರುವುದು ಮೂರು ಗೋರಿ, ಪಕ್ಕದಲ್ಲಿ ಕ್ರೀಡಾಂಗಣ. ಅಲ್ಲಿಂದ ಬಹಳ ದೂರವಿಲ್ಲದ ಚೇಂದಮಂಗಲಂನಲ್ಲಿ ಸಿನಗಾಗಿನ ಮುಂದೆ ಒಂದೇ ಒಂದು ಕಲ್ಲು ನಿಂತಿದೆ: ಸಾರಾ, ಇಸ್ರೇಲನ ಮಗಳು, 1269. ಭಾರತದಲ್ಲಿ ಸಿಕ್ಕಿರುವ ಹೀಬ್ರೂ ಗೋರಿಗಲ್ಲುಗಳಲ್ಲಿ ಅತಿ ಹಳೆಯದು ಎಂದು ಅದಕ್ಕೆ ಮರ್ಯಾದೆ. ಅವಳ ಬಗ್ಗೆ ಬೇರೇನೂ ಉಳಿದಿಲ್ಲ. ಏಳುನೂರೈವತ್ತು ವರ್ಷದ ಮೇಲೆ ಒಬ್ಬ ಹೆಣ್ಣುಮಗಳ ಹೆಸರನ್ನು ನಾನು ಬಾಯಿಬಿಟ್ಟು ಓದಿದೆ, ಯಾರೋ ಅಂದು ಉಳಿ ಹಿಡಿದಿದ್ದರಿಂದ.

ನಮ್ಮವರೂ ಇಸ್ರೇಲಿನ ಮಣ್ಣಿನಲ್ಲಿದ್ದಾರೆ ಎಂಬುದನ್ನು ಇಲ್ಲಿ ಹೇಳಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು. ಸುಬೇದಾರ್ ನಾಗಾವ್ಕರ್ ಅವರಿಗೆ ನೆಲ ಕೊಟ್ಟ ಅದೇ ಮಹಾರಾಜರ ಸೈನ್ಯ. ಅವರ ನೆನಪಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಸ್ಮಾರಕ ಇದೆ. ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನ ಇದೆ, ಪ್ರತಿವರ್ಷ ಅಲ್ಲಿ ಹೂವಿಡುತ್ತಾರೆ. ದೂರದ ಊರಿನಲ್ಲಿ ಮಣ್ಣಾದ ನಮ್ಮ ಹುಡುಗರ ಹೆಸರನ್ನು ಅಲ್ಲಿಯವರು ಧೂಳು ಒರೆಸಿ ಉಳಿಸಿಕೊಂಡಿದ್ದಾರೆ.

ಕಳೆದ ವರ್ಷ ಅಶ್ದೋದಿನಿಂದ ನನಗೊಂದು ಕರೆ ಬಂತು. ಕಾಕಾ ಅವರ ಮೊಮ್ಮಗಳು. ಯಾರೋ ಯಾರಿಗೋ ಹೇಳಿ ನನ್ನ ನೋಟ್‌ಬುಕ್ಕಿನ ಸುದ್ದಿ ಅವರವರೆಗೂ ಹೋಗಿತ್ತು. ಮರಾಠಿ ಅವಳಿಗೆ ಅರೆಬರೆ, ನನಗೂ ಈಗ ಅಷ್ಟೇ. ಮುತ್ತಜ್ಜಿಯ ಕಲ್ಲಿನ ಮೇಲೆ ಏನಿದೆ ಎಂದು ಕೇಳಿದಳು. ಪುಟ ತೆಗೆದು ಓದಿದೆ. ಹೀಬ್ರೂ ಸಾಲಿನಲ್ಲಿ ನಾನು ಪ್ರಶ್ನೆ ಚಿಹ್ನೆ ಹಾಕಿದ್ದ ಅಕ್ಷರ, ಸಿಮೆಂಟು ಬಿಡಿಸುವಾಗ ಹೋದದ್ದು, ಬಂದಾಗ ಅವಳು ತಡೆದಳು. ‘ಅದು ಹೇ’ ಎಂದಳು. ಮುತ್ತಜ್ಜಿಯ ಹೆಸರೇ ಅವಳಿಗೂ ಇಟ್ಟಿದ್ದರು.

ಆ ಪ್ರಶ್ನೆ ಚಿಹ್ನೆಯನ್ನು ಅಳಿಸಿ ಅಕ್ಷರ ಬರೆದಿದ್ದೇನೆ.

ನಿಮ್ಮ ಊರಿನಲ್ಲೂ ಹೀಗೆ ಬಂಧುಗಳು ಬಿಟ್ಟುಹೋದ ಗೋರಿಗಳಿರಬಹುದು. ಯಾವ ಮತದವರದಾದರೂ ಇರಲಿ, ಸಿಮೆಂಟು ತರಬೇಡಿ, ಸುಣ್ಣ ಬಳಿಯಬೇಡಿ. ಒಂದು ನೋಟ್‌ಬುಕ್ಕು, ಒಂದು ಕನ್ನಡಿ ತೆಗೆದುಕೊಂಡು ಬೆಳಗ್ಗೆ ಬೇಗ ಹೋಗಿ. ಕಲ್ಲಿನ ಮೇಲೆ ಉಳಿದಿರುವ ಹೆಸರುಗಳನ್ನು ಬರೆದುಕೊಳ್ಳಿ. ಈ ಮಳೆಗಾಲಕ್ಕೆ ಮುಂಚೆಯೇ.